ಕಾರ್ಡಿನಲ್ಲಿಲ್ಲದ ಒಂಬತ್ತನೇ ಹಾಡು

ನನಗೆ ಗಿಟಾರ್ ಬರುವುದಿಲ್ಲ, ಡ್ರಮ್ ಬರುವುದಿಲ್ಲ, ಹಾಡಂತೂ ಕೇಳಲೇಬೇಡಿ. ಆದರೂ ತೊಂಬತ್ತರ ದಶಕದಲ್ಲಿ ನಾಲ್ಕೈದು ವರ್ಷ ನಾನೊಂದು ರಾಕ್ ಬ್ಯಾಂಡಿನಲ್ಲಿದ್ದೆ. ನನ್ನ ಹುದ್ದೆ ಮ್ಯಾನೇಜರ್. ಎಂದರೆ ಆಟೋ ಹಿಡಿಯುವವನು, ಡ್ರಮ್ಮುಗಳನ್ನು ಹೊರುವವನು, ಕ್ಯಾಸೆಟ್ಟಿನ ಕಾರ್ಡಿನ ಮೇಲೆ ದುಂಡಗಿನ ಅಕ್ಷರದಲ್ಲಿ ಹಾಡುಗಳ ಹೆಸರು ಬರೆಯುವವನು. ಜೀವನ್ ಬಿಮಾ ನಗರದ ನಮ್ಮ ಮನೆಯಲ್ಲಿ ಅಪ್ಪ ಇದನ್ನು ಸರಳವಾಗಿ ಕೂಲಿ ಎನ್ನುತ್ತಿದ್ದರು. ವಿಮೆ ಕಚೇರಿಯಲ್ಲಿ ಇಪ್ಪತ್ತು ವರ್ಷ ಫೈಲು ನೋಡಿದವರು, ಒಂದು ಹುದ್ದೆಯ ನಿಜವಾದ ಹೆಸರು ಯಾವುದು ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಬ್ಯಾಂಡು ನನ್ನ ಗೆಳೆಯನದು. ಹಾಡುವವನೂ ಅವನೇ, ಗಿಟಾರ್ ನುಡಿಸುವವನೂ ಅವನೇ. ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತಿದ್ದೆವು. ರಿಚರ್ಡ್ಸ್ ಟೌನಿನ ಅವನ ಮನೆಯ ಹಿಂದೆ ಒಂದು ಹಳೆಯ ಕಾರು ಶೆಡ್ಡಿತ್ತು. ಕಾರು ಯಾವತ್ತೋ ಹೋಗಿತ್ತು. ಸದ್ದು ಹೊರಗೆ ಹೋಗದಿರಲೆಂದು ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿ ಅಲ್ಲೇ ಅಭ್ಯಾಸ. ಅವನ ತಾಯಿ ಒಳಗೆ ಹೊಲಿಗೆ ಯಂತ್ರದ ಮುಂದೆ ಕೂತು, ನಡುನಡುವೆ ತಮಿಳಿನಲ್ಲಿ ಕೂಗುತ್ತಿದ್ದರು. ಕೂಗಿನ ಅರ್ಥ ಯಾವಾಗಲೂ ಒಂದೇ: ಗಾಜಿನ ಬೀರುವಿನಲ್ಲಿ ಕಪ್ಪುಗಳು ಕುಣಿಯುತ್ತಿವೆ, ಸ್ವಲ್ಪ ಮೆಲ್ಲಗೆ.

ಮೊದಲ ಆಲ್ಬಮ್ಮಿನಲ್ಲಿ ಎಂಟು ಹಾಡು ಇದ್ದವು, ಎಲ್ಲ ಇಂಗ್ಲಿಷಿನವು. ಒಂಬತ್ತು ಮಾಡಬೇಕೆಂದು ಹೊರಟಿದ್ದರು, ಸ್ಟುಡಿಯೋದಲ್ಲಿ ಸಿಕ್ಕಿದ ಸಮಯ ಎಂಟಕ್ಕೇ ಮುಗಿಯಿತು. ಅದರಲ್ಲಿ ಬೇಸ್ ಗಿಟಾರ್ ನುಡಿಸಿದವನು ಇನ್ನೊಬ್ಬ. ಮಾತು ಕಡಿಮೆ, ಬೆರಳು ಚುರುಕು. ಹಾಡುಗಳನ್ನು ಇಬ್ಬರೂ ಕೂತು ಕಟ್ಟಿದ್ದರು. ಯಾವ ಸಾಲು ಯಾರದು ಎಂದು ಆಗ ಯಾರೂ ಕೇಳಲಿಲ್ಲ. ಆಲ್ಬಮ್ ಹೊರಬಂದ ಕೆಲವೇ ತಿಂಗಳಿಗೆ ಬೇಸಿನವನು ಮಸ್ಕತ್ತಿನ ಹೋಟೆಲೊಂದರಲ್ಲಿ ನುಡಿಸಲು ಹೊರಟುಹೋದ. ಆಮೇಲೆ ಎಲ್ಲರೂ ಕೇಳತೊಡಗಿದರು.

ಆಲ್ಬಮ್ ಹೊರಬಂತು ಎಂದರೆ ದೊಡ್ಡ ಕಂಪನಿಯಿಂದಲ್ಲ. ಶಿವಾಜಿನಗರದಲ್ಲಿ, ರಸೆಲ್ ಮಾರ್ಕೆಟ್ಟಿನ ಹಿಂದಿನ ಸಂದಿಯಲ್ಲಿ, ಕ್ಯಾಸೆಟ್ ರೆಕಾರ್ಡಿಂಗ್ ಮಾಡಿಕೊಡುವ ಒಂದು ಅಂಗಡಿಯಿತ್ತು. ಒಂದು ಕಡೆ ಬುರ್ಖಾ ಬಟ್ಟೆಯ ಅಂಗಡಿ, ಇನ್ನೊಂದು ಕಡೆ ಕೋಳಿ. ನಡುವೆ ಆರಡಿ ಅಗಲದ ಜಾಗದಲ್ಲಿ ನಾಲ್ಕು ಟೇಪ್ ಡೆಕ್ಕುಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು, ನಾವೆಲ್ಲ ಚಾಚಾ ಎಂದು ಕರೆಯುತ್ತಿದ್ದ ಮುದುಕರೊಬ್ಬರು ಕೂತಿರುತ್ತಿದ್ದರು. ನಮ್ಮ ಅಸಲು ಟೇಪು ಕೊಟ್ಟರೆ ಅರವತ್ತು ನಿಮಿಷದ ಖಾಲಿ ಕ್ಯಾಸೆಟ್ಟುಗಳಿಗೆ ಪ್ರತಿ ಇಳಿಸಿಕೊಡುತ್ತಿದ್ದರು. ಹಾಗೆ ಇಳಿಸಿದ್ದನ್ನು ನಾನು ಚೀಲದಲ್ಲಿ ತುಂಬಿಕೊಂಡು ಕಾಲೇಜುಗಳಿಗೆ, ಹಲಸೂರಿನ ಗೆಳೆಯರಿಗೆ, ಇಂದಿರಾನಗರದ ಎರಡು ಅಂಗಡಿಗಳಿಗೆ ಹಂಚುತ್ತಿದ್ದೆ.

ಮೊದಲ ಬಾರಿ ಚೀಲ ತಂದ ದಿನ ಮನೆಯಲ್ಲಿ ಒಂದು ಕ್ಯಾಸೆಟ್ಟನ್ನು ಹಾಕಿ ಕೇಳಿದೆ. ಎಂಟು ಹಾಡು ಮುಗಿದವು. ಎದ್ದು ಗುಂಡಿ ಒತ್ತಬೇಕು ಎನ್ನುವಷ್ಟರಲ್ಲಿ ಯಾರೋ ಕೆಮ್ಮಿದರು. ಆಮೇಲೆ ಒಂದೇ ಒಂದು ಗಿಟಾರು. ಅದರ ಒಂದು ತಂತಿ ಸ್ವಲ್ಪ ಗುಂಯ್‌ಗುಡುತ್ತಿತ್ತು. ನುಡಿಸುತ್ತಿರುವವನು ಪದವಿಲ್ಲದೆ ಗುನುಗುತ್ತಿದ್ದ, ಹೊರಗೆಲ್ಲೋ ಬಸ್ಸಿನ ಹಾರನ್ನು ಕೇಳಿಸುತ್ತಿತ್ತು. ಕೊನೆಯಲ್ಲಿ ಅವನು ಏನೋ ಹೇಳಲು ಬಾಯಿ ತೆರೆಯುತ್ತಾನೆ, ಅಷ್ಟರಲ್ಲಿ ಟೇಪು ಮುಗಿದುಹೋಗುತ್ತದೆ. ನನ್ನ ಮೈಯೆಲ್ಲ ಜುಮ್ಮೆಂದಿತು. ಮತ್ತೆ ಹಿಂದಕ್ಕೆ ಓಡಿಸಿ ಕೇಳಿದೆ. ಅಮ್ಮ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತು, "ಇದೊಂದು ಪರವಾಗಿಲ್ಲ ಕಣೋ, ಯಾರದಿದು?" ಎಂದರು. ನಮ್ಮದೇ ಎಂದೆ.

ಹಾಗಿದ್ದರೆ ಗೆಳೆಯನನ್ನು ಏಕೆ ಕೇಳಲಿಲ್ಲ ಎಂದು ನಿಮಗೆ ಅನ್ನಿಸಬಹುದು. ಅದಕ್ಕೆ ಆ ಕಾಲದ ನಮ್ಮ ಒಂದು ಹುಚ್ಚನ್ನು ಹೇಳಬೇಕು. ಆಗ ಹೊರದೇಶದ ಬ್ಯಾಂಡುಗಳು ಆಲ್ಬಮ್ಮಿನ ಕೊನೆಯಲ್ಲಿ, ಕಾರ್ಡಿನಲ್ಲಿ ಹೆಸರಿಲ್ಲದ ಒಂದು ಹಾಡನ್ನು ಬಚ್ಚಿಡುತ್ತಿದ್ದವು. ತಾಳ್ಮೆಯಿಂದ ಕೊನೆತನಕ ಕಾದವನಿಗೆ ಮಾತ್ರ ಅದು ಸಿಗುತ್ತಿತ್ತು. ಸಿಕ್ಕಿದವನು ಅದನ್ನು ಇನ್ನೊಬ್ಬ ಸಿಕ್ಕಿದವನ ಜೊತೆ ಮಾತ್ರ, ಅದೂ ತಗ್ಗಿದ ದನಿಯಲ್ಲಿ, ಮಾತಾಡಬಹುದಿತ್ತು. ಬ್ಯಾಂಡಿನವನನ್ನೇ ಹಿಡಿದು "ಅದೇನು ಗುರು ಕೊನೇಲಿ ಬಚ್ಚಿಟ್ಟಿದ್ದೀಯಲ್ಲ" ಎಂದು ಕೇಳುವುದು ಶುದ್ಧ ಹಳ್ಳಿಗಮಾರತನ. ಗೆಳೆಯ ಬಚ್ಚಿಟ್ಟಿದ್ದಾನೆ, ನಾನು ಕಂಡುಹಿಡಿದಿದ್ದೇನೆ, ಇಬ್ಬರೂ ಸುಮ್ಮನಿರಬೇಕು. ಮ್ಯಾನೇಜರಾದ ನನಗೇ ಹೇಳದೆ ಬಚ್ಚಿಟ್ಟನಲ್ಲ ಎಂದು ಸ್ವಲ್ಪ ನೋವಾದದ್ದು ನಿಜ. ಆದರೆ ಹಾಡು ಅಷ್ಟು ಚೆನ್ನಾಗಿತ್ತು, ನೋವನ್ನು ನುಂಗಿಕೊಂಡೆ.

ನನ್ನಂತೆಯೇ ಎಲ್ಲರೂ ಸುಮ್ಮನಿದ್ದರು. ಬ್ಯಾಂಡಿನವರ ಬೆನ್ನ ಹಿಂದೆ ಮಾತ್ರ ಆ ಒಂಬತ್ತನೆಯದರದ್ದೇ ಮಾತು. ಟೇಪು ತುಂಡಾದದ್ದಕ್ಕೂ ಒಬ್ಬ ಅರ್ಥ ಹೇಳಿದ: ಬದುಕಿನಲ್ಲಿ ಹೇಳಬೇಕಾದದ್ದು ಉಳಿದೇ ಹೋಗುತ್ತದೆ ಎಂದು ತೋರಿಸಲಿಕ್ಕಂತೆ. ನಾನು ಗಂಭೀರವಾಗಿ ತಲೆಯಾಡಿಸಿದ್ದೆ. ಬ್ಯಾಂಡಿನವರೋ, ಸ್ಟುಡಿಯೋದಲ್ಲಿ ಅವೇ ಎಂಟು ಹಾಡನ್ನು ನೂರು ಸಲ ಕೇಳಿ ಹೇಸಿಹೋಗಿದ್ದರು. ಚಾಚಾ ಇಳಿಸಿದ ಕ್ಯಾಸೆಟ್ಟನ್ನು ಅವರಲ್ಲಿ ಒಬ್ಬನೂ ಹಾಕಿ ಕೇಳಲಿಲ್ಲ.

ಎರಡನೆಯ ಆಲ್ಬಮ್ ಆಗಲು ಮೂರು ವರ್ಷ ಹಿಡಿಯಿತು. ಈ ಸಲ ಎಂಟೂ ಹಾಡುಗಳನ್ನು ಗೆಳೆಯ ಒಬ್ಬನೇ ಬರೆದಿದ್ದ. ಆ ಮೂರು ವರ್ಷದಲ್ಲಿ ಅವನ ಕಿವಿಗೆ ಬಿದ್ದದ್ದೆಲ್ಲ ಒಂದೇ ಮಾತು: ಅಸಲಿ ತಲೆ ಮಸ್ಕತ್ತಿಗೆ ಹೋಯಿತು, ಇಲ್ಲಿ ಉಳಿದದ್ದು ಗಂಟಲು ಮಾತ್ರ. ಒಮ್ಮೆ ಶೆಡ್ಡಿನಲ್ಲಿ ನಾವಿಬ್ಬರೇ ಇದ್ದಾಗ ಅವನು ತಲೆ ಎತ್ತದೆ ಗಿಟಾರಿನ ತಂತಿ ಒರೆಸುತ್ತ ಹೇಳಿದ, "ಮಗಾ, ಇದು ಫಸ್ಟ್‌ದಕ್ಕಿಂತ ಕಮ್ಮಿ ಆಯ್ತು ಅಂದ್ರೆ, ಅವ್ರು ಹೇಳಿದ್ದೇ ನಿಜ. ಆಮೇಲೆ ನಾನು ಬರೆಯಲ್ಲ. ಸುಮ್ನೆ ಹೇಳ್ತಿಲ್ಲ." ಅವನು ಸುಮ್ಮನೆ ಹೇಳುವವನಲ್ಲ. ನನಗೆ ಹೆದರಿಕೆಯಾಯಿತು.

ಚಾಚಾನ ಅಂಗಡಿಗೆ ಕೊಡುವ ಮೊದಲು ನಾಲ್ಕು ಜನರಿಗೆ ಕೇಳಿಸೋಣ ಎಂದು, ಒಂದು ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ ಇಳಿಸಬಹುದಾದ ನಮ್ಮ ಮನೆಯ ಎರಡು ಬಾಯಿಯ ಟೇಪ್ ರೆಕಾರ್ಡರಿನಲ್ಲಿ ನಾನೇ ಹದಿನೈದು ಪ್ರತಿ ಮಾಡಿ ಹಂಚಿದೆ. ಎಲ್ಲರೂ ಮೊದಲನೆಯದನ್ನು ಬಾಯಿಪಾಠ ಮಾಡಿದ್ದವರು. ಒಂದು ವಾರ ಬಿಟ್ಟು ಒಬ್ಬೊಬ್ಬರನ್ನೇ ವಿಚಾರಿಸಿದೆ. ಇಂದಿರಾನಗರದ ಒಬ್ಬ, "ಚೆನ್ನಾಗಿದೆ ಗುರು, ಆದ್ರೆ ಏನೋ ಮಿಸ್ಸಿಂಗು" ಎಂದ. ಹಲಸೂರಿನವನೊಬ್ಬ, "ಎಲ್ಲಾ ಇದೆ, ಜೀವ ಇಲ್ಲ" ಎಂದ. ಇನ್ನೊಬ್ಬ ನನ್ನನ್ನು ಪಕ್ಕಕ್ಕೆ ಕರೆದು, "ಕೊನೇಲಿ ಏನೂ ಇಲ್ವಲ್ಲ. ಅದು ಬೇಸಿನವನದು ಅಂತ ನಂಗೆ ಆಗ್ಲೇ ಡೌಟಿತ್ತು" ಎಂದ. ಹದಿನೈದರಲ್ಲಿ ಹನ್ನೊಂದು ಜನ ಮೊದಲನೆಯದೇ ಮೇಲು ಎಂದರು.

ನನ್ನ ಅಭಿಪ್ರಾಯ? ಅದೇ ನನಗೆ ತಿಳಿಯುತ್ತಿರಲಿಲ್ಲ. ಬೆಳಿಗ್ಗೆ ಕೇಳಿದರೆ ಎರಡನೆಯದು ಮೇಲು ಅನ್ನಿಸುತ್ತಿತ್ತು. ಕೆ.ಆರ್. ಪುರದ ರೈಲು ಗೇಟು ಬೀಳುವುದರ ಬಗ್ಗೆ ಒಂದು ಹಾಡಿತ್ತು, ತಾಯಿಯ ಹೊಲಿಗೆ ಯಂತ್ರದ ಲಯವನ್ನೇ ಡ್ರಮ್ಮಿಗೆ ಹಾಕಿದ ಇನ್ನೊಂದಿತ್ತು. ಅವು ಮೊದಲನೆಯದರಲ್ಲಿ ಯಾವುದಕ್ಕೂ ಕಡಿಮೆ ಇರಲಿಲ್ಲ. ಸಂಜೆ ಮತ್ತೆ ಕೇಳಿದರೆ, ಎಂಟನೆಯ ಹಾಡು ಮುಗಿದ ಮೇಲೆ ಊಟಕ್ಕೆ ಕೂತು ಮೊಸರನ್ನ ಸಿಗದೆ ಎದ್ದಂತಾಗುತ್ತಿತ್ತು. ಗೆಳೆಯ ಕೇಳಿದಾಗ, ಇನ್ನೂ ಎಲ್ಲರೂ ಕೇಳಿಲ್ಲ ಎಂದು ಸುಳ್ಳು ಹೇಳಿದೆ. ಈ ಸಲವೂ ಒಂಬತ್ತನೆಯದೊಂದನ್ನು ಬಚ್ಚಿಡಬಾರದಿತ್ತೇ ಎಂದು ಅವನ ಮೇಲೆ ಸಿಟ್ಟೂ ಬಂತು. ಒಂದು ವೇಳೆ ಅದು ನಿಜಕ್ಕೂ ಬೇಸಿನವನದೇ ಆಗಿದ್ದರೆ ಎಂಬ ಯೋಚನೆ ಬಂದು ಆ ಸಿಟ್ಟೂ ಹೋಯಿತು.

ಕೊನೆಗೆ ಏನಾದರಾಗಲಿ ಎಂದು ಅಸಲು ಟೇಪು ಹಿಡಿದುಕೊಂಡು ಶಿವಾಜಿನಗರದ ಬಸ್ಸು ಹತ್ತಿದೆ. ಚಾಚಾ ಕಾರ್ಡು ನೋಡಿ, ಬೆರಳಿನಲ್ಲಿ ನಿಮಿಷ ಲೆಕ್ಕ ಹಾಕಿ, ಕೇಳಿದರು.

"ಸೈಡ್ ಬಿ ಇದ್ರಲ್ಲೂ ಏಳೆಂಟು ನಿಮಿಷ ಖಾಲಿ ಐತೆ ಬೇಟಾ. ಹೋದ್ಸಲದಂಗೇ ಆ ಗಿಟಾರ್‌ದು ಹಾಕ್ಲಾ?"

"ಯಾವ ಗಿಟಾರ್‌ದು ಚಾಚಾ?"

ಅವರು ಮೇಲಿನ ಹಲಗೆಯಿಂದ ಧೂಳು ಹಿಡಿದ ಒಂದು ಕ್ಯಾಸೆಟ್ ತೆಗೆದು ಡೆಕ್ಕಿಗೆ ಹಾಕಿದರು. ಕೆಮ್ಮು ಕೇಳಿಸಿತು.

"ಖಾಲಿ ಬಿಟ್ರೆ ಗಿರಾಕಿ ಬೈತಾನೆ ಬೇಟಾ. ಪೂರಾ ಟೇಪಿನ ದುಡ್ಡು ತಗೊಂಡು ಅರ್ಧ ಖಾಲಿ ಕೊಟ್ರೆ ಅದು ಹರಾಮ್. ನಾನು ಯಾರ್ದೂ ಖಾಲಿ ಬಿಡಲ್ಲ. ಗಜಲ್‌ನೋರಿಗೆ ಗಜಲ್ ಹಾಕ್ತೀನಿ, ಪಿಕ್ಚರ್‌ನೋರಿಗೆ ಪಿಕ್ಚರ್‌ದು. ನಿಮ್ದು ಇಂಗ್ಲಿಷು, ನಂತಾವ ಇಂಗ್ಲಿಷ್ ತರಾ ಇದ್ದಿದ್ದು ಇದೊಂದೇ. ಒಂದು ಹತ್ತು ಕಾಪಿಗೆ ಮರೆತು ಖವ್ವಾಲಿ ಹಾಕಿದ್ದೆ. ಯಾರೂ ಬೈಲಿಲ್ಲ, ಅಲ್ವಾ?"

ಯಾರೂ ಬೈದಿರಲಿಲ್ಲ. ಕೆ.ಆರ್. ಪುರದ ಹುಡುಗನೊಬ್ಬ ನನ್ನ ಕೈ ಕುಲುಕಿ, ಕೊನೆಯಲ್ಲಿ ನೀವು ತೋರಿಸಿದ ಧೈರ್ಯ ಯಾವ ಬ್ಯಾಂಡೂ ತೋರಿಸಿಲ್ಲ ಎಂದಿದ್ದು ಆಗ ನೆನಪಾಯಿತು. ಅಂಗಡಿಯ ಮುಂದೆಯೇ ನಗು ಬಂತು.

"ಇದು ನುಡಿಸಿದ್ದು ಯಾರು ಚಾಚಾ?"

"ಹಲಸೂರ್ ಕಡೆಯೋರು ಒಬ್ರು ಬರ್ತಿದ್ರು. ಹಗಲೊತ್ತು ಗಿರಾಕಿ ಇಲ್ದಾಗ ಇಲ್ಲೇ ಸ್ಟೂಲ್ ಮೇಲೆ ಕೂತು ನುಡಿಸಿದ್ರು, ನಾನು ಟೇಪಲ್ಲಿ ಹಿಡ್ಕೊಂಡೆ. ನಾಳೆ ಬಂದು ಕಾಪಿ ತಗೊಂತೀನಿ ಅಂದ್ರು. ಬರ್ಲೇ ಇಲ್ಲ. ಹೆಸ್ರು ನಾನು ಕೇಳ್ಲಿಲ್ಲ."

ನಾನು ಅಲ್ಲಿಂದ ನಡೆದೇ ರಿಚರ್ಡ್ಸ್ ಟೌನಿಗೆ ಹೋದೆ. ಹೋಗುತ್ತ ಹೋಗುತ್ತ ನನಗೆ ಖುಷಿ ಏರುತ್ತಿತ್ತು. ಒಂಬತ್ತನೆಯದು ಬೇಸಿನವನದಲ್ಲ! ಜನ ಯಾವುದು ಕಾಣೆಯಾಗಿದೆ ಎನ್ನುತ್ತಿದ್ದಾರೋ ಅದು ಮಸ್ಕತ್ತಿಗೆ ಹೋಗಿಯೇ ಇಲ್ಲ, ಕೋಳಿ ಅಂಗಡಿಯ ಪಕ್ಕ ಹಲಗೆಯ ಮೇಲೆ ಕೂತಿದೆ. ಎರಡನೆಯ ಆಲ್ಬಮ್ಮಿನಲ್ಲಿ ಏನೂ ಕಡಿಮೆಯಾಗಿಲ್ಲ. ಇದಕ್ಕಿಂತ ಒಳ್ಳೆಯ ಸುದ್ದಿಯನ್ನು ಯಾವ ಮ್ಯಾನೇಜರ್ ತಾನೇ ತಂದಾನು? ನನ್ನಷ್ಟು ಪೆದ್ದ ಆ ದಿನ ಕಂಟೋನ್‌ಮೆಂಟಿನಲ್ಲಿ ಇನ್ನೊಬ್ಬನಿರಲಿಲ್ಲ.

ಗೆಳೆಯ ಶೆಡ್ಡಿನಲ್ಲಿ ಒಬ್ಬನೇ ಇದ್ದ. ಉಸಿರು ಬಿಡದೆ ಎಲ್ಲ ಹೇಳಿದೆ. ಹದಿನೈದು ಜನರ ಮಾತು, ಕಾಣೆಯಾದ ಹಾಡು, ಚಾಚಾ, ಖವ್ವಾಲಿ. ಅವನು ಒಂದು ಸಲವೂ ನಗಲಿಲ್ಲ.

"ಯಾವ ಒಂಬತ್ತನೇದು?" ಎಂದ.

ಅವನಿಗೆ ಗೊತ್ತೇ ಇರಲಿಲ್ಲ. ಮೂರು ವರ್ಷ ಊರೆಲ್ಲ ತಗ್ಗಿದ ದನಿಯಲ್ಲಿ ಮಾತಾಡಿದ ಹಾಡನ್ನು, ಅದನ್ನು ಬಚ್ಚಿಟ್ಟವನು ಎಂದು ನಾವು ನಂಬಿದ ಮನುಷ್ಯ ಒಮ್ಮೆಯೂ ಕೇಳಿರಲಿಲ್ಲ.

"ಅಂದ್ರೆ," ಎಂದು ಅವನು ನಿಧಾನವಾಗಿ ಹೇಳಿದ, "ಫಸ್ಟ್ ಆಲ್ಬಮ್‌ನಲ್ಲಿ ಎಲ್ರಿಗೂ ಇಷ್ಟ ಆಗಿದ್ದು ನಂದಲ್ಲ. ಅವನದೂ ಅಲ್ಲ. ಯಾರೋ ದಾರೀಲಿ ಹೋಗೋನ್ದು."

"ಹಂಗಲ್ಲ ಕಣೋ..."

"ಮತ್ತೆ ಹೆಂಗೆ? ಹೇಳು ಮಗಾ, ಹೆಂಗೆ?"

ಅರ್ಧ ಗಂಟೆ ಮೊದಲು ಸಿಹಿ ಸುದ್ದಿಯಾಗಿದ್ದದ್ದು ಅವನ ಬಾಯಿಗೆ ಹೋದೊಡನೆ ಹೇಗೆ ಹೀಗಾಯಿತು ಎಂದು ನಾನು ಮೊಟ್ಟೆಯ ಟ್ರೇಗಳನ್ನು ನೋಡುತ್ತ ನಿಂತೆ. ಒಳಗೆ ಹೊಲಿಗೆ ಯಂತ್ರ ಓಡುತ್ತಿತ್ತು. ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡ. "ನಡಿ, ಕೇಳ್ಬೇಕು" ಎಂದ.

ಚಾಚಾ ಅವನಿಗೆ ಸ್ಟೂಲು ಕೊಟ್ಟು, ಕಿವಿಗೆ ಹೆಡ್‌ಫೋನ್ ಹಾಕಿದರು. ಅವನು ಬೀದಿಗೆ ಬೆನ್ನು ಮಾಡಿ ಕೂತು, ಏಳು ನಿಮಿಷ ಅಲುಗಾಡದೆ ಕೇಳಿದ. ನನಗೆ ಅವನ ಹೆಗಲು ಮಾತ್ರ ಕಾಣುತ್ತಿತ್ತು. ಮುಗಿದ ಮೇಲೆ ಹೆಡ್‌ಫೋನ್ ತೆಗೆದು ಕೈಯಲ್ಲೇ ಹಿಡಿದುಕೊಂಡ.

"ಚೆನ್ನಾಗಿದೆ," ಎಂದ. "ಥೂ, ತುಂಬಾ ಚೆನ್ನಾಗಿದೆ."

ಚಾಚಾಗೆ ಖುಷಿಯಾಯಿತು. "ಹಾಕ್ಬಿಡ್ಲಾ ಇದಕ್ಕೂ? ಗಿರಾಕಿ ಖುಷ್ ಆಗ್ತಾನೆ."

ನಾನು ಅವನ ಮುಖ ನೋಡಿದೆ. ಸುಳ್ಳೇಕೆ, ಹಾಕಲಿ ಎಂದೇ ನನ್ನ ಮನಸ್ಸು ಹೇಳುತ್ತಿತ್ತು. ಏಳು ನಿಮಿಷ ತುಂಬಿಸಿದರೆ ಹನ್ನೊಂದು ಜನರೂ ಮಾತು ಬದಲಿಸುತ್ತಾರೆ, ಇವನು ಬರೆಯುತ್ತಾ ಇರುತ್ತಾನೆ, ನಾನು ಆಟೋ ಹಿಡಿಯುತ್ತಾ ಇರುತ್ತೇನೆ. ಯಾರಿಗೆ ನಷ್ಟ? ಹಲಸೂರಿನ ಆ ಮನುಷ್ಯ ಹೇಗೂ ಬರಲಿಲ್ಲ. ಇದನ್ನೆಲ್ಲ ಯೋಚಿಸಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಿದೆ. ಅದು ತಪ್ಪೇ ಎಂದು ಕೇಳಿದರೆ ಇವತ್ತಿಗೂ ಖಚಿತವಾಗಿ ಹೇಳಲಾರೆ.

"ಬೇಡ ಚಾಚಾ," ಎಂದ ಅವನು. "ಖಾಲಿ ಬಿಡಿ."

"ಖಾಲಿ ಬಿಟ್ರೆ ನನ್ ಅಂಗಡಿ ಹೆಸ್ರು ಹೋಗುತ್ತೆ."

"ನಿಮ್ ಹೆಸ್ರು ಹಾಕಲ್ಲ ಬಿಡಿ. ನಂದೇ ಹೋಗ್ಲಿ."

ಚಾಚಾ ಬೇಸರದಿಂದ ಆ ಕ್ಯಾಸೆಟ್ಟನ್ನು ಮತ್ತೆ ಹಲಗೆಯ ಮೇಲೆ ಇಟ್ಟರು. ನಮ್ಮ ಕಡೆ ನೋಡಲಿಲ್ಲ.

ಮುಂದಿನ ಭಾನುವಾರ ಮಧ್ಯಾಹ್ನ ಅವನು ನಮ್ಮ ಮನೆಗೆ ಬಂದ. ಕೈಯಲ್ಲಿ ಎರಡೂ ಆಲ್ಬಮ್ಮುಗಳ ಅಸಲು ಟೇಪುಗಳಿದ್ದವು, ಚಾಚಾ ಮುಟ್ಟುವ ಮೊದಲಿನವು. ಅಪ್ಪ ಊಟ ಮಾಡಿ ಮಲಗಿದ್ದರು. ಅಮ್ಮ ಕಾಫಿ ಕೊಟ್ಟು ಒಳಗೆ ಹೋದರು. ಅವನು ಟೇಪ್ ರೆಕಾರ್ಡರನ್ನು ನಮ್ಮಿಬ್ಬರ ನಡುವೆ ನೆಲದ ಮೇಲೆ ಇಟ್ಟ.

"ಬೇರೆಯೋರು ಏನಾದ್ರೂ ಅಂದ್ಕೊಳ್ಲಿ. ನೀನು ಎರಡೂ ಕೇಳಿ ಹೇಳು. ಸುಳ್ಳು ಹೇಳಿದ್ರೆ ನಿನ್ ಮುಖ ನೋಡಿದ್ರೇ ನಂಗೆ ಗೊತ್ತಾಗುತ್ತೆ."

ಮೊದಲನೆಯದನ್ನು ಹಾಕಿದ. ಅವನು ಟೇಪನ್ನು ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತ ಕೂತ. ನಾನು ಕಣ್ಣು ಎಲ್ಲಿಡಬೇಕೆಂದು ತಿಳಿಯದೆ ಕ್ಯಾಲೆಂಡರ್ ನೋಡಿದೆ, ಕಿಟಕಿ ನೋಡಿದೆ. ಪರಿಚಯದ ಹಾಡುಗಳೇ, ಆದರೆ ಪರೀಕ್ಷೆಗೆ ಕೂತವನ ಕಿವಿಗೆ ಎಲ್ಲವೂ ಬೇರೆಯಾಗಿ ಕೇಳಿಸುತ್ತಿದ್ದವು. ಎರಡು ಹಾಡಂತೂ, ದೇವರಾಣೆ, ಅಷ್ಟೇನೂ ಚೆನ್ನಾಗಿಲ್ಲ ಅನ್ನಿಸಿತು. ಎಂಟನೆಯದು ಮುಗಿಯಿತು. ಟೇಪು ಸುಮ್ಮನೆ ಸುತ್ತುತ್ತಿತ್ತು. ನಾನು ಕೂತೇ ಇದ್ದೆ. ಎಷ್ಟು ಹೊತ್ತೋ ಗೊತ್ತಿಲ್ಲ, ಅವನೇ ಕೈ ಚಾಚಿ ಗುಂಡಿ ಒತ್ತಿದ.

ಎರಡನೆಯದನ್ನು ಹಾಕಿದ. ರೈಲು ಗೇಟಿನ ಹಾಡು ಬಂದಾಗ ನಿಜವಾಗಿಯೂ ಸಂತೋಷವಾಯಿತು, ಮುಖದ ಮೇಲೂ ಬಂದಿರಬೇಕು. ಹೊಲಿಗೆ ಯಂತ್ರದ್ದು ಬಂದಾಗ ಕಾಲು ತಾನಾಗಿ ಕುಣಿಯಿತು. ಇದು ಮೇಲು ಎಂದು ಹೇಳಿಬಿಡೋಣ, ಈಗಲೇ ಹೇಳಿಬಿಡೋಣ ಎಂದುಕೊಂಡೆ. ಅಷ್ಟರಲ್ಲಿ ಎಂಟನೆಯದು ಮುಗಿಯಿತು. ಮತ್ತೆ ಟೇಪು ಸುಮ್ಮನೆ ಸುತ್ತತೊಡಗಿತು. ನಾನು ಬಾಯಿ ತೆರೆದೆ, ಆದರೆ ಕಿವಿ ಇನ್ನೂ ಟೇಪಿನ ಕಡೆಗೇ ಇತ್ತು. ಅವನು ಈ ಸಲ ಗುಂಡಿ ಒತ್ತಲಿಲ್ಲ. ಟೇಪು ಪೂರ್ತಿ ಓಡಿ, ತಾನೇ ಟಕ್ಕೆಂದು ನಿಲ್ಲುವ ತನಕ ನನ್ನನ್ನು ನೋಡುತ್ತಲೇ ಇದ್ದ.

"ಎರಡು ಮುಗಿದ್ಮೇಲೂ ಆ ಒಂಬತ್ತನೇದಕ್ಕೇ ಕಾದೆ ನೀನು," ಎಂದ. "ಸಮ ಆಯ್ತಲ್ಲ ಮಗಾ."

ನಾನು ಏನಾದರೂ ಹೇಳುವ ಮೊದಲು ಅವನು ತಣ್ಣಗಾಗಿದ್ದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, ಎರಡೂ ಟೇಪುಗಳನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಎದ್ದ. ಅವನು ಗೆದ್ದನೋ ಸೋತನೋ ನನಗೆ ತಿಳಿಯಲಿಲ್ಲ. ಬಾಗಿಲಲ್ಲಿ ತಿರುಗಿ, ಮೂರನೆಯ ಆಲ್ಬಮ್ಮಿಗೆ ಕಾರ್ಡು ಬರೆಯಲು ನನ್ನ ಅಕ್ಷರವೇ ಬೇಕು ಎಂದ.